ಮೊದಲ ಗಿಣ್ಣ ಯಾರಿಗೆ?

ಎಮ್ಮಿ-ಆಕಳಿಗೆ ಕೃತಕ ಗರ್ಭಧಾರಣೆ ಮಾಡೋದು ನನ್ನ ಕೆಲಸ. ಘೋಣಸಗಿಯಾಗ ಒಮ್ಮೆ ಭುಜದತನಕ ಕೈಗವಸು ಹಾಕ್ಕೊಂಡು ಎಮ್ಮಿ ಹಿಂದ ನಿಂತಿದ್ದೆ. ಬಾಲ ಹಿಡಕೊಂಡಿದ್ದ ಮಾಲಕ ಮಲ್ಲಪ್ಪಕಾಕಾ ಕೇಳಿದ: “ಜಗತ್ತಿನ್ಯಾಗ ಮೊಟ್ಟಮೊದಲ ಜೀವ ಹೆಂಗ ಹುಟ್ತು, ಹೇಳ್ರಿ ಡಾಕ್ಟರ್.”

“ವಿಜ್ಞಾನಕ್ಕ ಇನ್ನೂ ಪೂರಾ ಗೊತ್ತಾಗಿಲ್ರಿ ಕಾಕಾ.”

“ಹಂಗಾರ ದೇವರೇ ಮಾಡ್ಯಾನ. ಮುಗೀತಲ್ಲ!”

ನನಗ ಸಿಟ್ಟು ಬಂತು. “ಹೋದ ಸಲ ಇದೇ ಎಮ್ಮಿ ಗಬ್ಬ ನಿಲ್ಲಲಿಲ್ಲ. ಯಾಕಂತ ನನಗೂ ಗೊತ್ತಾಗಲಿಲ್ಲ. ಆವತ್ತ ದೇವರು ಮಾಡ್ಯಾನ ಅನ್ನಲಿಲ್ಲ, ಊರ ಮುಂದ ನನ್ನ ಬೈದ್ರಿ. ಗೊತ್ತಿಲ್ಲ ಅಂದ್ರ ಗೊತ್ತಿಲ್ಲ, ಅಷ್ಟರೀ!”

ಕಾಕಾ ಬಾಲ ಇನ್ನಷ್ಟು ಎತ್ತಿ ಹಿಡಿದ.

ಆ ಸಲ ಗಬ್ಬ ನಿಂತು ಎಮ್ಮಿ ಈದಿತು. ಮೊದಲ ಗಿಣ್ಣ ದೇವರಿಗೆ ಎಡಿ ಹೋತು. ಮೂರನೇ ದಿನ ಕರುವಿಗೆ ಭೇದಿ ಹತ್ತಿದಾಗ ಫೋನ್ ಬಂದದ್ದು ಮಾತ್ರ ನನಗ.