ಪಿಸ್ಟ್‌ನ ಆಚೆ

ಹಿಮದ ಮೇಲೆ ಸ್ಕೀ ಮಾಡುವ ದಾರಿಗೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರನ್ ಎನ್ನುತ್ತಾರೆ, ಇಲ್ಲವೇ ಟ್ರೇಲ್ ಎನ್ನುತ್ತಾರೆ. ನನ್ನ ಭಾವ ಮಾತ್ರ ಪಿಸ್ಟ್ ಎನ್ನುತ್ತಿದ್ದರು. ಕ್ಯುಪರ್ಟಿನೋಗೆ ಬರುವ ಮೊದಲು ಅಕ್ಕ, ಭಾವ ಹಲವು ವರ್ಷ ಫ್ರಾನ್ಸಿನಲ್ಲಿದ್ದರು. ಭಾವ ಸ್ಕೀ ಕಲಿತದ್ದು ಅಲ್ಲೇ, ಆ ಪದವೂ ಅಲ್ಲಿಯದೇ. ಮಗಳ ಸ್ಕೂಲಿಗೆಂದು ಇಲ್ಲಿಗೆ ಬಂದ ಮೇಲೂ ಮನೆಯಲ್ಲಿ ಅದೇ ಪದ ಉಳಿಯಿತು.

ಒಂದು ಭಾನುವಾರ ಅವರು ಪ್ಲೆಸೆಂಟನ್‌ನ ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ಅದರ ಅರ್ಥ ಕೇಳಿದೆ. ಭಾವ ಅನ್ನ ಕಲಸುವುದನ್ನು ನಿಲ್ಲಿಸಿ ಹುರುಪಿನಿಂದ ಶುರುಮಾಡಿದರು.

“ಪಿಸ್ಟ್ ಅಂದ್ರೆ ಕುಟ್ಟಿ ಗಟ್ಟಿ ಮಾಡಿದ ದಾರಿ. ಸ್ಕೂಲಲ್ಲಿ ಪಿಷ್ಟ ಅಂತ ಓದಿದ್ದೀಯಲ್ಲ, ಹಿಟ್ಟು? ಎರಡಕ್ಕೂ ಬೇರು ಒಂದೇ ಅಂತೆ. ಫ್ರಾನ್ಸಲ್ಲಿ ವಿಮಾನ ಇಳಿಯೋ ರನ್‌ವೇನೂ ಪಿಸ್ಟೇ, ಡ್ಯಾನ್ಸ್ ಮಾಡೋ ಜಾಗಾನೂ ಪಿಸ್ಟೇ. ಪೊಲೀಸರಿಗೆ ಕಳ್ಳನ ಸುಳಿವು ಸಿಕ್ಕಿದ್ರೆ ಅದೂ ಪಿಸ್ಟೇ.”

“ಆಫ್ ಪಿಸ್ಟ್ ಅಂತೀರಲ್ಲ, ಅದು?”

“ಮೆಷಿನ್ ಓಡಿಸಿ ಹದ ಮಾಡಿರಲ್ಲ, ಆ ಹಿಮ. ಹೊಸದಾಗಿ ಬಿದ್ದಾಗ ಮರಗಳ ಮಧ್ಯೆ ಇಳೀಬೇಕು. ಅದರ ಸುಖಾನೇ ಬೇರೆ.”

“ಆ ಸುಖ ನಿಮಗೇ ಇರಲಿ. ಊಟ ಮಾಡಿ ಮೊದಲು,” ಎಂದು ಅಕ್ಕ ಸಾರು ಬಡಿಸಿದಳು.

ಆ ಚಳಿಗಾಲದಲ್ಲಿ ಅವರ ಜೊತೆ ನಾನೂ ತಾಹೋ ಬೆಟ್ಟಗಳಿಗೆ ಹೋದೆ. ರಾತ್ರಿಯಿಡೀ ಹಿಮ ಬಿದ್ದು ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಭಾವ ಒಬ್ಬರೇ ತೂಗುಕುರ್ಚಿಯ ಲಿಫ್ಟ್ ಹತ್ತಿ ಮೇಲೆ ಹೋದರು. ಅಕ್ಕ ಮಗಳ ಜೊತೆ ಕಲಿಯುವವರ ಇಳಿಜಾರಿನಲ್ಲಿದ್ದಳು. ನನಗೆ ಸ್ಕೀ ಬಾರದು, ಕೆಳಗಿನ ಕೆಫೆಯೊಳಗೆ ಕಾಫಿ ಹಿಡಿದು ಕೂತಿದ್ದೆ. ಮಧ್ಯಾಹ್ನ ಅವರಿಬ್ಬರೂ ಒಳಗೆ ಬಂದು ಕೂತಾಗ ಅಕ್ಕನಿಗೆ ಭಾವನ ಫೋನು ಬಂತು.

“ಮೇಲೆ ಹಿಮ ಬೆಣ್ಣೆ ಇದ್ದ ಹಾಗಿದೆ ಕಣೇ. ಆಫ್ ಪಿಸ್ಟ್ ಇಳಿದು ಬಂದುಬಿಡ್ತೀನಿ. ಊಟ ಆರ್ಡರ್ ಮಾಡಿರು.”

ಊಟ ಬಂತು, ಆರಿತು. ಭಾವನಿಗೆ ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತಲಿಲ್ಲ. ಅಕ್ಕ ಎದ್ದು, ಸಹಾಯಕ್ಕೆಂದು ಇಟ್ಟಿದ್ದ ಡೆಸ್ಕಿಗೆ ಓಡಿದಳು. ನಾನೂ ಅವಳ ಹಿಂದೆ ಓಡಿದೆ. ಅಲ್ಲಿ ಕೂತಿದ್ದ ಹುಡುಗಿಗೆ ಅಕ್ಕ ಇಂಗ್ಲಿಷಿನಲ್ಲಿ, ನನ್ನ ಗಂಡ ಆಫ್ ಪಿಸ್ಟ್ ಹೋಗಿದ್ದಾರೆ, ಬಂದಿಲ್ಲ ಎಂದಳು.

“ಬೀಸ್ಟ್? ಆ ಹೆಸರಿನ ರನ್ ನಮ್ಮಲ್ಲಿಲ್ಲವಲ್ಲ,” ಎಂದು ಹುಡುಗಿ ನಕಾಶೆ ಬಿಡಿಸಿ, ಹೆಸರುಗಳ ಮೇಲೆ ಬೆರಳಾಡಿಸತೊಡಗಿದಳು.

“ಹೆಸರಲ್ಲ. ಪಿಸ್ಟ್. ಆಫ್ ಪಿಸ್ಟ್!” ಅಕ್ಕನ ದನಿ ಏರಿತು. ಹೆದರಿಕೆಗೆ ಬೇರೆ ಇಂಗ್ಲಿಷೆಲ್ಲ ಮರೆತುಹೋಗಿ, ಅದೊಂದೇ ಪದ ಅವಳ ಬಾಯಲ್ಲಿ ಉಳಿದಿತ್ತು. ಹುಡುಗಿ ಮತ್ತೆ ನಕಾಶೆ ನೋಡಿದಳು.

“ಮರಗಳ ಮಧ್ಯೆ ಹೋಗಿದ್ದಾರೆ, ಒಬ್ಬರೇ,” ಎಂದೆ ನಾನು. ಆಗ ಅವಳ ಮುಖ ಬದಲಾಯಿತು. ಕೂಡಲೇ ವಾಕಿಟಾಕಿ ಎತ್ತಿಕೊಂಡಳು.

ಬೆಳಕಿರುವಾಗಲೇ ಸಿಕ್ಕಿದರು. ದೊಡ್ಡ ಮರದ ಬುಡದಲ್ಲಿ, ಕೊಂಬೆಗಳ ಕೆಳಗೆ, ಹಿಮ ಗಟ್ಟಿಯಾಗದೆ ಬಾವಿಯಂತೆ ಟೊಳ್ಳಾಗಿರುತ್ತದೆ. ಭಾವ ಅದರೊಳಗೆ ತಲೆಕೆಳಗಾಗಿ ಬಿದ್ದಿದ್ದರು. ಸ್ಕೀಗಳ ತುದಿ ಮಾತ್ರ ಮೇಲೆ ಕಾಣುತ್ತಿತ್ತಂತೆ. ಅವರನ್ನು ಅಗೆದು ತೆಗೆದ, ಬೆಟ್ಟದ ಪಹರೆ ತಂಡದ ವಯಸ್ಸಾದವನೊಬ್ಬ ಟೋಪಿ ತೆಗೆದು ನಮ್ಮೆದುರು ಕೂತ. ಹಾಗೆ ಬಿದ್ದವರಿಗೆ ಕೆಲವೇ ನಿಮಿಷ ಉಸಿರಿರುತ್ತದೆ, ನೀವು ಡೆಸ್ಕಿಗೆ ಬರುವ ಎಷ್ಟೋ ಮೊದಲೇ ಎಲ್ಲ ಮುಗಿದಿತ್ತು ಎಂದ.

ಅಕ್ಕ ಅಳಲಿಲ್ಲ. “ಅದಕ್ಕೆ ನಿಮ್ಮಲ್ಲಿ ಏನಂತಾರೆ?” ಎಂದು ಕೇಳಿದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆಫ್ ಪಿಸ್ಟ್‌ಗೆ ಇಲ್ಲಿನ ಪದ ಯಾವುದೆಂದು ಕೇಳುತ್ತಿದ್ದಾಳೆ ಎಂದು ನಾನು ಬಿಡಿಸಿ ಹೇಳಿದೆ. “ಟ್ರೀಸ್ ಅಂದರೆ ಸಾಕು, ಮೇಡಂ,” ಎಂದು ಅವನು ತಲೆ ತಗ್ಗಿಸಿದ.

ಇಲ್ಲಿನ ಚಿತಾಗಾರದಲ್ಲಿ ಬೆಂಕಿ ಕೊಡುವುದೆಂದರೆ ಗೋಡೆಯ ಮೇಲಿನ ಬಟನ್ ಒತ್ತುವುದು. ಪುರೋಹಿತರು ಸುತ್ತ ನೋಡಿ, ಗಂಡಸರು ಯಾರಾದರೂ ಬನ್ನಿ ಎಂದರು. ನನ್ನ ಗಂಡ ಮುಂದೆ ಬಂದರು. ಅಷ್ಟರಲ್ಲಿ ಅಕ್ಕನ ಮಗಳು, “ಐ ವಿಲ್ ಡೂ ಇಟ್,” ಎಂದು ತಾನೇ ಹೋಗಿ ಒತ್ತಿದಳು. ಒತ್ತಿದ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ನಾನು ಹೋಗಿ ಕೈ ಹಿಡಿದು ಕರೆತಂದೆ.

ಎಲ್ಲ ಮೊದಲೇ ಮುಗಿದಿತ್ತು ಎಂಬ ಪಹರೆಯವನ ಮಾತನ್ನು ಅಕ್ಕನಿಗೆ ಎಷ್ಟೋ ಸಲ ನೆನಪಿಸಿದ್ದೇನೆ. “ಅವರು ಹಾಗೇ ಹೇಳ್ಬೇಕಲ್ವಾ,” ಎನ್ನುತ್ತಾಳೆ. ಈಗ ಯಾರೊಡನೆ ಮಾತಾಡುವಾಗಲೂ ಅವಳು ಒಂದು ಮಾತು ಹೇಳಿ ನಿಲ್ಲಿಸುತ್ತಾಳೆ. ಅರ್ಥವಾಯಿತೇ ಎಂದು ಮುಖ ನೋಡಿ, ಮತ್ತೆ ಅದನ್ನೇ ಬೇರೆ ಥರ ಹೇಳುತ್ತಾಳೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳುವಾಗಲೂ ಹಾಗೇ. ಮೊನ್ನೆ ಬಿಲ್ ಕೌಂಟರಿನಲ್ಲಿ ಹಿಂದೆ ನಿಂತವರು ಗೊಣಗಿದರು. ಮಗಳು ಅವರತ್ತ ತಿರುಗಿಯೂ ನೋಡದೆ, ಅಮ್ಮ ಹೇಳಿ ಮುಗಿಸುವವರೆಗೂ ಚೀಲ ಹಿಡಿದು ನಿಂತಿದ್ದಳು.