ಹದಿನೆಂಟರ ಮೇಲೆ ಹತ್ತೊಂಬತ್ತು

2011ರಲ್ಲಿ ಸಂಜಯನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನಿಗೂ ಪಕ್ಕದ ಮನೆಯಲ್ಲಿದ್ದ ಅವರ ಓರಗಿತ್ತಿಗೂ ಆರು ವರ್ಷದಿಂದ ಮಾತಿರಲಿಲ್ಲ. ಅಣ್ಣತಮ್ಮಂದಿರು ಜಾಗ ಪಾಲು ಮಾಡಿಕೊಂಡಾಗ ಬೋರ್‌ವೆಲ್ ಯಾರ ಕಡೆಗೆ ಅಂತ ಎದ್ದ ಜಗಳವದು. ಗಂಡಸರು ಅದನ್ನು ಎಂದೋ ಮರೆತು ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಇವರಿಬ್ಬರು ಮಾತ್ರ ಬಿಗಿದುಕೊಂಡೇ ಇದ್ದರು. ಆದರೂ ಭಾನುವಾರ ಮಧ್ಯಾಹ್ನ ನಮ್ಮ ವರಾಂಡದ ಚಾಪೆ ಮೇಲೆ ಇಬ್ಬರೂ ಇಸ್ಪೀಟಿಗೆ ಕೂರುತ್ತಿದ್ದರು. ಓರಗಿತ್ತಿಯ ಮಗಳು ಹೂಡಿದ ಉಪಾಯ ಅದು. ತಾಯಿ ಮಗಳು ಒಂದು ಜೋಡಿ, ಓನರಮ್ಮ ಮತ್ತು ನಾನು ಇನ್ನೊಂದು.

ಆಟದ ಹೆಸರು ಇಪ್ಪತ್ತೆಂಟು. ಮೂವತ್ತೆರಡು ಎಲೆಯ ಆಟ, ಒಟ್ಟು ಇಪ್ಪತ್ತೆಂಟು ಪಾಯಿಂಟ್, ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ. ಮೊದಲು ತಲಾ ನಾಲ್ಕು ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿಕೊಂಡು ನಮ್ಮ ಜೋಡಿ ಎಷ್ಟು ಪಾಯಿಂಟ್ ಹೊಡೆಯುತ್ತದೆ ಅಂತ ಕೂಗಬೇಕು. ಹೆಚ್ಚು ಕೂಗಿದವರದು ತುರುಪು. ಕೂಗಿದಷ್ಟು ಬರದಿದ್ದರೆ ಸೋಲು.

“ಅದ್ನೇಳು,” ಅನ್ನುತ್ತಿದ್ದರು ಓರಗಿತ್ತಿ, ಗೋಡೆ ನೋಡಿಕೊಂಡು.

“ಅದ್ನೆಂಟು,” ನಮ್ಮ ಓನರಮ್ಮ.

“ಅತ್ತೊಂಬತ್ತು.”

“ಇಪ್ಪತ್ತು!”

ಕೊನೆಯ ಕೂಗು ಯಾವಾಗಲೂ ಓನರಮ್ಮನದೇ, ಸೋಲೂ ನಮ್ಮದೇ. ಒಮ್ಮೆ ಸೊಪ್ಪು ಬಿಡಿಸುತ್ತಾ ನನಗೆ ಹೇಳಿದ್ದರು: “ಅವ್ಳ್ ಜೊತೆ ಮಾತಾಡ್ಬೇಕು ಅಂತ ಜೀವ ಒಡ್ಕೊಳ್ತದೆ ಮೇಷ್ಟ್ರೇ. ಆದ್ರೆ ದೊಡ್ಡೋಳು ನಾನು, ಮೊದ್ಲು ಅವ್ಳೇ ಮಾತಾಡ್ಲಿ.”

ಡಿಗ್ರಿ ಕಾಲೇಜಿನಲ್ಲಿ ಸಂಭವನೀಯತೆ ಪಾಠ ಮಾಡುವ ನನಗೆ ಅವರ ಸಂಕಟಕ್ಕಿಂತ ಅವರ ಕೂಗೇ ದೊಡ್ಡ ತಲೆನೋವಾಗಿತ್ತು. ಒಂದು ದಿನ ಪೇಪರಿನ ಅಂಚಿನಲ್ಲಿ ಲೆಕ್ಕ ಬರೆದು ತೋರಿಸಿದೆ. “ನೋಡಿ ಅಮ್ಮ, ನಿಮ್ಮ ಕೈಲಿ ನಾಲ್ಕು ಎಲೆ, ಕಾಣದ್ದು ಇಪ್ಪತ್ತೆಂಟು. ಅದ್ರಲ್ಲಿ ನಮ್ಮ ಜೋಡಿಗೆ ಬರೋದು ಹನ್ನೆರಡು, ಅವ್ರಿಗೆ ಹದಿನಾರು. ಬೇಕಾದ ಒಂದು ಎಲೆ ನಮ್ಮ ಕಡೆ ಬೀಳೋದು ಏಳರಲ್ಲಿ ಮೂರು ಸಲ ಮಾತ್ರ. ಗುಲಾಮ ಒಂದನ್ನೇ ನಂಬಿ ಇಪ್ಪತ್ತು ಕೂಗ್ಬೇಡಿ. ಪಾಸ್ ಅನ್ನಿ.”

ಅವರು ಪೇಪರನ್ನು ತುಂಬಾ ಹೊತ್ತು ನೋಡಿ, “ಆಯ್ತು, ಓದಿರೋರು ನೀವು,” ಅಂದರು.

ಮುಂದಿನ ಭಾನುವಾರ ಓನರಮ್ಮ ಪಾಸ್ ಅಂದರು. ಎರಡನೇ ಸಲವೂ ಪಾಸ್, ಮೂರನೇ ಸಲವೂ ಪಾಸ್. ಕೂಗಿದ್ದ ಎದುರಾಳಿಗಳು ಮೂರೂ ಸಲ ಸೋತರು. ನಾನು ಉಬ್ಬಿಹೋಗಿದ್ದೆ.

ನಾಲ್ಕನೇ ಸಲ ಓನರಮ್ಮ “ಪಾಸು” ಅಂದಾಗ ಓರಗಿತ್ತಿ ಎಲೆಗಳನ್ನು ಚಾಪೆಯ ಮೇಲೆ ಕವುಚಿಟ್ಟು, ನೇರವಾಗಿ ಅವರ ಮುಖ ನೋಡಿದರು.

“ಯಾಕಕ್ಕಾ, ಮೈಗ್ ಉಸಾರಿಲ್ವಾ?”

ಓನರಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. “ಉಸಾರಾಗೇ ಇದೀನಿ ಕಣೇ. ಈ ಮೇಷ್ಟ್ರು ಕೂಗಕ್ಕೆ ಬಿಡ್ತಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಸೋಲ್ತೀನಿ ಅಂತ ನಂಗೂ ಗೊತ್ತಿತ್ತು ಮೇಷ್ಟ್ರೇ. ನಾನೊಂದು ಅಂದ್ರೆ ಅವ್ಳೊಂದು ಅಂತಾಳಲ್ಲ, ಅದಕ್ಕೇ ಕೂಗ್ತಿದ್ದೆ.”

ನನಗೆ ನಾಚಿಕೆಯಾಯಿತು. ಎಲೆಗಳನ್ನೆಲ್ಲ ಎಣಿಸಿದ್ದ ನಾನು ಇದೊಂದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆಮೇಲಿನ ಭಾನುವಾರಗಳಲ್ಲೂ ಎಲೆ ಹಂಚುತ್ತಿದ್ದೆವು. ಆದರೆ ಕೂಗುವುದಕ್ಕೆ ಅವರಿಬ್ಬರಿಗೆ ಪುರುಸೊತ್ತೇ ಇರುತ್ತಿರಲಿಲ್ಲ, ಅಷ್ಟು ಮಾತು. ನಾನೂ ಆ ಹುಡುಗಿಯೂ ನಾಲ್ಕು ನಾಲ್ಕು ಎಲೆ ಹಿಡಿದುಕೊಂಡು ಕಾಯುತ್ತಾ ಕೂತಿರುತ್ತಿದ್ದೆವು. ಅಷ್ಟು ಸಂತೋಷವಾಗಿ ನಾನು ಆಮೇಲೆ ಯಾವುದಕ್ಕೂ ಕಾದಿಲ್ಲ.