ಅಮ್ಮನ ಮಾತ್ರೆ

ಅಮ್ಮನ ಮರೆವಿಗೆ ಕೊಡುತ್ತಿದ್ದ ಮಾತ್ರೆಯ ಹೆಸರು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕೊನೆಯ ವರ್ಷಗಳನ್ನು ಅವಳು ಶಿಡ್ಲಘಟ್ಟದ ಈ ಮನೆಯಲ್ಲೇ ಕಳೆದಳು. ನನ್ನ ಗಂಡನೇ ಮುಂದೆ ಕೂತು ನುಂಗಿಸುತ್ತಿದ್ದರು. ಅವಳು ತೀರಿಕೊಂಡ ಮೇಲೆ ಅದೇ ಮಾತ್ರೆ ನನ್ನ ಪಾಲಿಗೆ ಬಂತು.

ನನ್ನ ಕಾಯಿಲೆ ಮರೆವಲ್ಲ. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕುವುದು ನನ್ನ ಕೆಲಸ. ಸಂಜೆ ಗೂಡು ಮುಗಿದರೂ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ತಲೆಗೆ ಹೋಗಿ ಒಂದೊಂದೇ ಕೂದಲು ಕೀಳುತ್ತಿದ್ದವು. ಅಮ್ಮ ಹೋದ ಮೇಲಂತೂ ಮಿತಿಮೀರಿ, ತಲೆಯ ಹಿಂಭಾಗ ಅಂಗೈಯಗಲ ಬೋಳಾಯಿತು. ನಾಚಿಕೆ. ಹಬೆಗೆಂದು ತಲೆಗೆ ಕಟ್ಟುವ ಬಟ್ಟೆಯನ್ನು ಮಲಗುವಾಗಲೂ ಬಿಚ್ಚಲಿಲ್ಲ. ಯಾರಿಗೂ ಹೇಳದೆ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದೆ.

"ಇದು ಮರೆವಿನ ಮಾತ್ರೆನೇ ಅಮ್ಮಾ. ಕೂದಲು ಕೀಳೋ ಕೆಲವರಿಗೂ ಇದರಿಂದ ಕಡಿಮೆ ಆಗಿದೆ. ಗ್ಯಾರಂಟಿ ಕೊಡಲ್ಲ, ನೋಡಣ," ಅಂದರು ಅವರು.

ನನ್ನ ಚೀಲದಲ್ಲಿದ್ದ ಮಾತ್ರೆಯ ಶೀಟು ಗಂಡನ ಕಣ್ಣಿಗೆ ಬಿತ್ತು. ಮರುದಿನ ಕಾಫಿ ಕೊಟ್ಟರೆ, "ಇವತ್ತು ಯಾವ ವಾರ ಹೇಳು?" ಅಂದರು. ಅಮ್ಮನನ್ನು ದಿನಾ ಕೇಳುತ್ತಿದ್ದ ಪ್ರಶ್ನೆ ಅದು.

"ಯಾಕ್ರೀ, ಕ್ಯಾಲೆಂಡರ್ ಕಳೆದೋಯ್ತಾ?" ಅಂದೆ. ಅವರು ನಗಲಿಲ್ಲ. ನನ್ನ ಹಿಂದೆಯೇ ಬಂದು ಗ್ಯಾಸ್ ಆಫ್ ಆಗಿದೆಯೇ ಎಂದು ನೋಡತೊಡಗಿದರು. ಕೆಲವೇ ದಿನಗಳಲ್ಲಿ ತೊಟ್ಟಿಯ ಮುಂದೆ ಬೇರೊಬ್ಬಳನ್ನು ಕೂರಿಸಿದರು.

"ಆ ಮಾತ್ರೆ ತಗೊಳೋರು ಬಿಸಿನೀರಿನ ಹತ್ರ ಕೂರೋದು ಬೇಡ ಕಣೇ," ಅಂದರು ಮೆಲ್ಲಗೆ.

ಆಗ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದಾಗಿನಿಂದ ಕೂತ ಜಾಗ ಅದು. ವಾಪಸು ಬೇಕಾದರೆ ಬೋಳು ತಲೆ ತೋರಿಸದೆ ಬೇರೆ ದಾರಿಯಿಲ್ಲ. ಬಟ್ಟೆ ಕಿತ್ತೆಸೆದು ಅವರಿಗೆ ಬೆನ್ನು ತಿರುಗಿಸಿ ನಿಂತೆ.

"ನೋಡಿ, ಮಾತ್ರೆ ಇದಕ್ಕೆ. ನಾನು ಏನೂ ಮರ್ತಿಲ್ಲ."

ತಿರುಗಿದರೆ ನೆಲದ ಮೇಲೆ ಕೂತು ಅಳುತ್ತಿದ್ದಾರೆ.

"ಇಷ್ಟೇನಾ? ನನ್ನನ್ನೂ ಮರ್ತೋಗ್ತೀಯ ಅಂತ ಹೆದರ್ಕೊಂಡಿದ್ನಲ್ಲೇ!"

ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಈಗ ತೊಟ್ಟಿ ಮತ್ತೆ ನನ್ನದು. ಕೂದಲು ಕೀಳುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಟಿವಿ ನೋಡುವಾಗ ನನ್ನ ಕೈ ಮೇಲೆದ್ದರೆ, ಅವರು ಸಿಕ್ಕಾದ ನೂಲಿನ ಉಂಡೆಯೊಂದನ್ನು ಕೈಗಿಡುತ್ತಾರೆ. ಬಿಡಿಸುತ್ತಾ ಕೂರುತ್ತೇನೆ.

ಕಾಫಿ ಕೊಡುವಾಗ ಯಾವ ವಾರ ಎಂದು ಈಗಲೂ ಕೇಳುತ್ತಾರೆ, ತಮಾಷೆಗೆಂಬಂತೆ. ಒಮ್ಮೆ ಬೇಕೆಂದೇ ತಪ್ಪು ಹೇಳಿದೆ. ಅವರ ಮುಖ ನೋಡಿದ ಮೇಲೆ ಮತ್ತೆಂದೂ ಹಾಗೆ ಹೇಳಿಲ್ಲ.